ಗಾಜು ಆರುವ ತನಕ

ಜೂನ್ 14

ಪುಟ್ಟೀ,

ಬಂದು ತಲುಪಿದೆ. ರೈಲು ತಡವಾಯಿತು, ಆದರೆ ನಿಲ್ದಾಣದಿಂದ ಇಲ್ಲಿಗೆ ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ನೀನು ಬೀಳ್ಕೊಡಲು ಬರಲಿಲ್ಲವೆಂದು ನನಗೆ ಬೇಸರವಿಲ್ಲ. ಪಂಪ್‌ಹೌಸ್ ತಪಾಸಣೆ ಇದೆ ಎಂದಿದ್ದೆ. ಭಾನುವಾರ ತಪಾಸಣೆ ಇಡುವ ಪದ್ಧತಿ ನನ್ನ ಕಾಲದಲ್ಲಿ ಇರಲಿಲ್ಲ. ಹೊಸದಾಗಿ ಬಂದಿರಬೇಕು.

ಹಾಸ್ಟೆಲಿನ ಮೇಲ್ವಿಚಾರಕಿ ನನ್ನನ್ನು ನೋಡಿ, ಮಗಳನ್ನು ಸೇರಿಸಲು ಬಂದಿರಾ ಎಂದು ಕೇಳಿದರು. ಸೇರುವವಳು ನಾನೇ ಎಂದೆ. ಅವರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ, ಹಾಗಾದರೆ ಕೆಳಗಿನ ಕಪಾಟು ಬೇಡ, ಬಗ್ಗುವುದು ಕಷ್ಟ ಎಂದು ಮೇಲಿನದನ್ನು ಕೊಟ್ಟರು. ಕೋಣೆ ಚಿಕ್ಕದು. ಮಂಚ, ಮೇಜು, ಒಂದು ಕಿಟಕಿ. ಕಿಟಕಿಯ ಕೆಳಗೆ ಕಾರ್ಯಾಗಾರದ ತಗಡಿನ ಮಾಡು.

ಅಲ್ಲಿ ಏನು ಮಾಡುತ್ತಾರೆಂದು ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. ಉದ್ದನೆಯ ಶೆಡ್ಡಿನಲ್ಲಿ ಮರಳು ತುಂಬಿದ ಪೀಪಾಯಿಗಳನ್ನು ದೂರದೂರಕ್ಕೆ ನಿಲ್ಲಿಸಿದ್ದಾರೆ. ಪ್ರತಿಯೊಂದರ ಮೇಲೆ ದಪ್ಪ ಗಾಜಿನ ಬಿಲ್ಲೆ, ಅದರ ಮೇಲೆ ಅಷ್ಟೇ ಅಗಲದ ಇನ್ನೊಂದು. ನಡುವೆ ನೀರು ಮತ್ತು ಮರಳಿನಂಥ ಒರಟು ಪುಡಿ. ಮೇಲಿನ ಬಿಲ್ಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಂದಕ್ಕೂ ಮುಂದಕ್ಕೂ ಉಜ್ಜಬೇಕು, ಒಂದು ಹೆಜ್ಜೆ ಸರಿಯಬೇಕು, ಮತ್ತೆ ಉಜ್ಜಬೇಕು. ಹೀಗೆ ಗಾಣದ ಎತ್ತಿನಂತೆ ಪೀಪಾಯಿಯ ಸುತ್ತ ತಿರುಗುತ್ತಲೇ ಇರಬೇಕು. ಮೊದಲು ಎರಡೂ ಚಪ್ಪಟೆ, ಯಾವುದು ಯಾವುದೆಂದು ಗುರುತು ಸಿಗದು. ಉಜ್ಜುತ್ತ ಉಜ್ಜುತ್ತ ಮೇಲಿನದು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಯಾರೂ ಅಚ್ಚು ಹಾಕುವುದಿಲ್ಲ. ತಗ್ಗಾದದ್ದು ಮುಂದೆ ದೂರದರ್ಶಕದ ಕನ್ನಡಿಯಾಗುತ್ತದೆ.

ಏಪ್ರಿಲ್ ಕೊನೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬರುತ್ತಾರೆ. ಒಬ್ಬೊಬ್ಬರೂ ಒಂದು ಕನ್ನಡಿ ಮುಂದಿಡಬೇಕು. ಪಾಸಾದರೆ ಎರಡನೇ ವರ್ಷ. ಇಲ್ಲವಾದರೆ ಮನೆಗೆ, ಅಥವಾ ಹೊಸಬರ ಜೊತೆ ಒರಟು ಪುಡಿಯಿಂದ ಮತ್ತೆ ಶುರು. ಹಾಗೆ ಮತ್ತೆ ಶುರುಮಾಡಿದವರು ಇದುವರೆಗೆ ಇಲ್ಲವಂತೆ. ನಮ್ಮ ಗುರುಗಳನ್ನು ಎಲ್ಲರೂ ಚಿಕ್ಕ ಮೇಡಂ ಅನ್ನುತ್ತಾರೆ. ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು.

ಕೈ ನೋಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಅಪ್ಪನಿಗೆ ಗ್ಯಾಸ್ ಒಲೆಯ ತಿರುಪು ಎಡಕ್ಕೆ ತಿರುಗಿಸಬೇಕೆಂದು ಹೇಳು.

ಅಮ್ಮ

ಜುಲೈ 2

ಅಮ್ಮ,

ಫೋನ್ ಮಾಡೋಣವೆಂದರೆ ಅಲ್ಲಿ ಇರುವುದು ಒಂದೇ, ಅದೂ ನಿನ್ನ ಗುರುಗಳ ಮೇಜಿನ ಮೇಲಂತೆ. ಇದ್ದರೂ ನೀನು ಫೋನಿನಲ್ಲಿ "ಸರಿ" ಎಂದು ಇಟ್ಟುಬಿಡುತ್ತೀಯ. ಆದ್ದರಿಂದ ಬರೆಯುತ್ತಿದ್ದೇನೆ.

ನೀನು ಜಲಮಂಡಳಿಗೆ ಒಂದು ವರ್ಷ ಸಂಬಳವಿಲ್ಲದ ರಜೆ ಬರೆದುಕೊಟ್ಟು ಹೋದೆ. ಅದೇ ಆಫೀಸಿನ ಕೆಳಗಿನ ಮಹಡಿಯಲ್ಲಿ ನಾನು ದಿನಾ ಕೂರಬೇಕು. ಉಪಮುಖ್ಯಸ್ಥರಿಗೆ ಹುಷಾರಿಲ್ವಾ ಎಂದು ಟೈಪಿಸ್ಟ್ ಕೇಳಿದಳು. ಚೆನ್ನಾಗಿದ್ದಾರೆ, ಏನೋ ಕಲಿಯಲು ಹೋಗಿದ್ದಾರೆ ಎಂದೆ. ಏನನ್ನು ಎಂದು ಕೇಳಿದಳು. ಗಾಜು ಉಜ್ಜುವುದನ್ನು ಎಂದೆ. ಬೇರೆ ಹೇಗೆ ಹೇಳಬೇಕಿತ್ತೋ ಗೊತ್ತಾಗಲಿಲ್ಲ. ಮರುದಿನ ನಮ್ಮ ಜವಾನ ಚಹಾ ಇಡುತ್ತ, "ಗಾಜು ಉಜ್ಜೋಕೆ ಅಷ್ಟು ದೂರ ಯಾಕೆ ಹೋದ್ರು ಮೇಡಂ, ನಮ್ಮ ಆಫೀಸಿನ ಕಿಟಕಿ ನೋಡಿದೀರಲ್ಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದು ಮಾತು ಕೇಳಬೇಕು. ನಾನು ಏಳನೇ ಕ್ಲಾಸಿನಲ್ಲಿ ಚಿತ್ರ ಬಿಡಿಸುವ ತರಗತಿಗೆ ಸೇರುತ್ತೇನೆ ಎಂದಾಗ ನೀನು ಏನು ಹೇಳಿದೆ ನೆನಪಿದೆಯಾ? "ಒಂದು ಏಣಿ ಹಿಡಿ. ತುದಿ ಮುಟ್ಟೋ ತನಕ ಬಿಡಬೇಡ." ಹಿಡಿದೆ. ಬಿಟ್ಟಿಲ್ಲ. ಈಗ ತಲೆಯೆತ್ತಿ ನೋಡಿದರೆ ಮೇಲೆ ನೀನೇ ಇಲ್ಲ.

ಊಟಕ್ಕೆ ಹೊತ್ತಿಗೆ ಸರಿಯಾಗಿ ಹೋಗು. ಅಲ್ಲಿ ಚಳಿಯಂತೆ, ಕಾಲುಚೀಲ ಕಳಿಸುತ್ತಿದ್ದೇನೆ. ಕೆಳಗಿನದು ಅಪ್ಪ ಬರೆದದ್ದು.

ನಿನ್ನ ಮಗಳು

ಇದರಲ್ಲಿ ಎರಡು ಅಲ್ಪವಿರಾಮ ಬಿಟ್ಟುಹೋಗಿತ್ತು, ಹಾಕಿದ್ದೇನೆ. ಪ್ರೆಸ್ಸಿನಿಂದ ನಿವೃತ್ತನಾದರೂ ಕಣ್ಣು ನಿವೃತ್ತವಾಗಿಲ್ಲ. ಒಲೆಯ ತಿರುಪು ಎಡಕ್ಕೇ ತಿರುಗಿಸಿದೆ. ಹತ್ತಿತು. ಆರಿಸುವುದು ಯಾವ ಕಡೆಗೆ ಎಂದು ನೀನು ಬರೆದಿಲ್ಲ.

ಆಗಸ್ಟ್ 20

ಪುಟ್ಟೀ,

ಉತ್ತರ ತಡವಾಯಿತು. ಆರಿಸುವುದು ಬಲಕ್ಕೆ. ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು.

ಮೊದಲ ಕನ್ನಡಿ ಹೋಯಿತು. ಒರಟು ಪುಡಿಯ ಕೆಲಸ ಮುಗಿಸಿ ನಯವಾದ ಪುಡಿಗೆ ಬಂದಿದ್ದೆ. ಹಳೆಯ ಪುಡಿಯ ಒಂದೇ ಒಂದು ಕಣ ನನ್ನ ಉಗುರಿನ ಸಂದಿಯಲ್ಲಿ ಉಳಿದುಕೊಂಡಿತ್ತಂತೆ. ಗಾಜಿನ ಮೇಲೆ ಕೂದಲಿನಷ್ಟು ತೆಳುವಾದ ಗೀರು, ಈ ಅಂಚಿನಿಂದ ಆ ಅಂಚಿಗೆ. ಚಿಕ್ಕ ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, "ಮೊದಲು ಕೈ ತೊಳೆಯೋದನ್ನ ಕಲೀರಿ" ಎಂದಳು. ಒಂದು ಇಡೀ ಊರಿಗೆ ಕೈ ತೊಳೆಯಲು ನೀರು ಕೊಟ್ಟವಳು ನಾನು. ಹೇಳೋಣವೆಂದುಕೊಂಡೆ. ಹೇಳದೆ ಹೋಗಿ ಕೈ ತೊಳೆದುಕೊಂಡೆ.

ಏಣಿಯ ಮಾತು ನೆನಪಿದೆ. ಸುಳ್ಳೆಂದು ಈಗಲೂ ಅನ್ನಿಸುವುದಿಲ್ಲ. ಅದಕ್ಕೆ ಉತ್ತರವಾಗಿ ಒಂದು ಸಂಜೆಯ ನೆನಪು ಬರೆಯುತ್ತೇನೆ.

ನಿನಗೆ ಒಂಬತ್ತು ವರ್ಷ. ಊರ ಹೊರಗಿನ ವೀಕ್ಷಣಾಲಯದಲ್ಲಿ ಮಕ್ಕಳಿಗೆ ಚಂದ್ರನನ್ನು ತೋರಿಸುತ್ತಾರೆ, ಜೊತೆಗೆ ದೊಡ್ಡವರೊಬ್ಬರು ಬರಬೇಕು ಎಂದು ಶಾಲೆಯಿಂದ ಚೀಟಿ ತಂದಿದ್ದೆ. ಅಪ್ಪನಿಗೆ ನೆಗಡಿ. ಮರುದಿನ ನನಗೆ ಆಯವ್ಯಯದ ಸಭೆ. ಕಡತದ ಚೀಲ ಹೆಗಲಿಗೆ ಹಾಕಿಕೊಂಡೇ ನಿನ್ನ ಜೊತೆ ಸಾಲಿನಲ್ಲಿ ನಿಂತಿದ್ದೆ. ನಿನ್ನ ಸರದಿ ಬಂತು. ನೀನು ಒಂದು ಕಣ್ಣು ಮುಚ್ಚಿ ನೋಡಿ, ಇದು ಒಳಗೆ ಅಂಟಿಸಿದ ಚಿತ್ರ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹಾಗೆಲ್ಲ ಹೇಳಬಾರದು ಎಂದು ನಿನ್ನನ್ನು ಸರಿಸಿ ನಾನು ನೋಡಿದೆ.

ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಹಿಂದಿನಿಂದ ಯಾರೋ "ಏನಮ್ಮಾ, ಮನೆಗೇ ತಗೊಂಡು ಹೋಗ್ತೀರಾ?" ಎಂದರು. ನೀನು ನಾಚಿಕೆಯಿಂದ ನನ್ನ ಕೈ ಹಿಡಿದು ಎಳೆಯುತ್ತಿದ್ದೆ. ತೋರಿಸುವವನನ್ನು ಕೇಳಿದೆ, ಇದರೊಳಗೆ ಏನಿದೆ ಎಂದು. ಒಂದು ಕನ್ನಡಿ ಇದೆ, ಯಾರೋ ಕೈಯಿಂದ ಉಜ್ಜಿ ಮಾಡಿದ್ದು ಎಂದ. ಕೈಯಿಂದ ಎಂದದ್ದು ಬಸ್ಸಿನಲ್ಲಿ ಬರುವಾಗಲೂ ಕಿವಿಯಲ್ಲಿತ್ತು. ಮರುದಿನ ಸಭೆ ಇತ್ತು. ಅದರ ಮರುದಿನ ಇನ್ನೊಂದು.

ಕಾಲುಚೀಲ ಸರಿಯಾಗಿವೆ.

ಅಮ್ಮ

ನವೆಂಬರ್ 5

ಅಮ್ಮ,

ಬರೆಯಲು ಸಮಯವಾಗಲಿಲ್ಲ. ನಿಜ ಹೇಳಬೇಕೆಂದರೆ ಸಮಯವಿತ್ತು.

ಆ ಸಂಜೆ ನನಗೂ ನೆನಪಿದೆ. ನೀನು ನೋಡುತ್ತಿದ್ದಾಗ ನಿನ್ನ ಕಡತದ ಚೀಲ ಜಾರಿ ನೆಲಕ್ಕೆ ಬಿತ್ತು, ನಿನಗೆ ತಿಳಿಯಲೇ ಇಲ್ಲ. ಅದನ್ನು ಎತ್ತಿ ಹಿಡಿದುಕೊಂಡು ನಿಂತಿದ್ದವಳು ನಾನು.

ಈಗ ವಿಷಯ. ಮುಖ್ಯಸ್ಥರು ಮೇ ಕೊನೆಗೆ ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ನಿನ್ನ ಹೆಸರು ಬಿಟ್ಟು ಬೇರೆ ಹೆಸರೇ ಇಲ್ಲ. ಅವರೇ ನನ್ನನ್ನು ಮೇಲಕ್ಕೆ ಕರೆಸಿ ಹೇಳಿದರು. "ನಿಮ್ಮಮ್ಮ ಹೂಂ ಅಂದರೆ ಸಾಕು. ಮೇ ಮಧ್ಯದವರೆಗೆ ಕಾಯ್ತೀನಿ. ಆಮೇಲೆ ಹೊರಗಿನವರನ್ನ ತರ್ತಾರೆ." ಜಲಮಂಡಳಿಯ ಆ ಕೋಣೆಯಲ್ಲಿ ಇದುವರೆಗೆ ಹೆಂಗಸೊಬ್ಬರು ಕೂತಿಲ್ಲ, ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆ ಮೆಟ್ಟಿಲು ಹತ್ತಲು ನೀನು ಪಟ್ಟದ್ದನ್ನು ನಾನು ಮನೆಯಲ್ಲಿ ಕೂತು ನೋಡಿದ್ದೇನೆ. ನಿನ್ನ ಜ್ವರ, ನಿನ್ನ ಮೌನ, ಅಪ್ಪ ಒಬ್ಬರೇ ಬಂದ ನನ್ನ ಶಾಲೆಯ ವಾರ್ಷಿಕೋತ್ಸವ. ಅವೆಲ್ಲ ಗಾಜು ಉಜ್ಜುವುದಕ್ಕಾ?

ಜಗಳ ಬೇಡ. ಒಂದು ಒಪ್ಪಂದ ಮಾಡಿಕೊಳ್ಳೋಣ. ಏಪ್ರಿಲ್‌ನಲ್ಲಿ ನಿನ್ನ ಕನ್ನಡಿ ಪಾಸಾದರೆ ಅಲ್ಲೇ ಇರು, ನಾನು ಇನ್ನೊಂದು ಮಾತು ಆಡುವುದಿಲ್ಲ. ಇಲ್ಲವಾದರೆ ಬಂದು ಕುರ್ಚಿಯಲ್ಲಿ ಕೂರು. ನೀನು ಕೊಟ್ಟ ಮಾತಿಗೆ ತಪ್ಪಿದ್ದನ್ನು ನಾನು ನೋಡಿಲ್ಲ.

ನಿನ್ನ ಮಗಳು

ಕುರ್ಚಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ. ಮೊಟ್ಟೆ ಬೇಯಿಸುವುದು ಬಂದಿದೆ.

ನವೆಂಬರ್ 19

ಪುಟ್ಟೀ,

ಒಪ್ಪಿದೆ.

ಚೀಲ ನೀನು ಎತ್ತಿದ್ದೆಂದು ಗೊತ್ತಿರಲಿಲ್ಲ.

ಎರಡನೇ ಕನ್ನಡಿಯೂ ಹೋಗಿದೆ, ನೀನು ಷರತ್ತು ಹಾಕಿದಾಗ ಇದು ನಿನಗೆ ತಿಳಿದಿರಲಿಲ್ಲ. ಹೇಗೆ ಹೋಯಿತೆಂದು ಹೇಳಬೇಕು. ಪುಡಿಗಳೆಲ್ಲ ಮುಗಿದ ಮೇಲೆ ಅರಗಿನ ಹಾಸಿನ ಮೇಲೆ ಗಾಜಿಗೆ ಹೊಳಪು ಕೊಡುತ್ತೇವೆ. ಆಮೇಲೆ ಅದನ್ನು ಚೌಕಟ್ಟಿನಲ್ಲಿ ನಿಲ್ಲಿಸಿ, ಎದುರಿಗೆ ಸಣ್ಣ ದೀಪ ಇಟ್ಟು, ಮರಳಿ ಬರುವ ಬೆಳಕಿಗೆ ಬ್ಲೇಡಿನ ಅಂಚನ್ನು ಅಡ್ಡ ಹಿಡಿದು ನೋಡಬೇಕು. ಆಗ ಗಾಜಿನ ಮೇಲೆ ನೆರಳು ಹರಡುತ್ತದೆ, ಕೈಗೆ ಸಿಗದಷ್ಟು ಸಣ್ಣ ಉಬ್ಬುತಗ್ಗುಗಳೂ ಬೆಟ್ಟಕಣಿವೆಗಳಂತೆ ಕಾಣುತ್ತವೆ. ಎಲ್ಲಿ ಉಬ್ಬಿದೆಯೋ ಅಲ್ಲಿ ಇನ್ನಷ್ಟು ಉಜ್ಜಬೇಕು.

ಆದರೆ ಉಜ್ಜಿದ ಗಾಜು ಬಿಸಿಯಾಗಿರುತ್ತದೆ. ಕೈಯ ಬಿಸಿ, ತಿಕ್ಕಿದ ಬಿಸಿ. ಬಿಸಿ ಗಾಜು ನಡುವೆ ಊದಿಕೊಂಡಿರುತ್ತದೆ. ಇಲ್ಲದ ಬೆಟ್ಟ ಕಾಣುತ್ತದೆ. ಅದನ್ನು ನಂಬಿ ಬೆಟ್ಟ ಇಳಿಸಲು ಹೋದರೆ, ಆರಿದ ಮೇಲೆ ಅಲ್ಲಿ ಹಳ್ಳ. ನಾನು ಮಾಡಿದ್ದು ಅದೇ. ಬಂದ ಕಡತ ಬಂದ ದಿನವೇ ಮುಗಿಸಿ ಅಭ್ಯಾಸವಾದ ಕೈ ಇದು, ಕಾಯುವುದು ಬರುವುದಿಲ್ಲ. ಚಿಕ್ಕ ಮೇಡಂ ಈಗ ನನ್ನ ಪೀಪಾಯಿಯ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ: "ಆರಲಿ." ಬೇರೆ ಯಾರ ಪೀಪಾಯಿಗೂ ಅಂಟಿಸಿಲ್ಲ. ನನ್ನ ಪಕ್ಕದವರು ನಿವೃತ್ತ ಹಲ್ಲಿನ ಡಾಕ್ಟರು, ಅವರ ತೊಂದರೆ ಬೇರೆ. ಅವರ ಕೈ ಎಷ್ಟು ಹಗುರವೆಂದರೆ ಅವರ ಗಾಜು ಇನ್ನೂ ಚಪ್ಪಟೆಯಾಗಿಯೇ ಇದೆ. "ಗಾಜಿಗೆ ನೋವಾಗಲ್ಲ ಡಾಕ್ಟ್ರೇ" ಎಂದು ಮೇಡಂ ದಿನಾ ಹೇಳುತ್ತಾಳೆ.

ಮೇಲಿನ ಕುರ್ಚಿ ಬೇಡವೆಂದಲ್ಲ ಪುಟ್ಟೀ. ಅದರಲ್ಲಿ ಕೂತು ಸೋಮವಾರ ಏನು ಮಾಡಬೇಕು, ಮಂಗಳವಾರ ಏನು ಮಾಡಬೇಕೆಂದು ನನಗೆ ಈಗಲೇ ಗೊತ್ತು. ತೊಂದರೆ ಅದೇ. ಇಲ್ಲಿ ನಾಳೆ ಗಾಜು ಏನು ಹೇಳುತ್ತದೋ ಗೊತ್ತಿಲ್ಲ. ಇಷ್ಟು ಗೊತ್ತಿಲ್ಲದಿರುವುದು ನನಗೆ ಕೊನೆಯ ಸಲ ಆದದ್ದು ನೀನು ಹುಟ್ಟುವ ಮೊದಲಿನ ವಾರ.

ಮೂರನೇ ಬಿಲ್ಲೆ ಇವತ್ತು ಶುರುಮಾಡಿದೆ. ಇದೇ ಕೊನೆಯದು.

ಅಮ್ಮ

ಫೆಬ್ರವರಿ 11

ಅಮ್ಮ,

ಮನೆಗೆ ಸುಣ್ಣ ಬಣ್ಣ ಮಾಡಿಸಲು ಸಾಮಾನು ಸರಿಸಿದಾಗ ಆ ಹಳೆಯ ಇಸ್ತ್ರಿ ಮೇಜು ಸಿಕ್ಕಿತು. ನೀನು ಸಂಜೆ ಮರುದಿನದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ನಾನು ಅದರ ಕೆಳಗೆ ಕೂತು ಮಗ್ಗಿ ಒಪ್ಪಿಸುತ್ತಿದ್ದೆ. ತಪ್ಪಿದರೆ ನೀನು ಬೈಯುತ್ತಿರಲಿಲ್ಲ. ಮೇಲೆ ಇಸ್ತ್ರಿಪೆಟ್ಟಿಗೆ ನಿಂತುಬಿಡುತ್ತಿತ್ತು. ಸರಿಮಾಡಿ ಹೇಳುವ ತನಕ ಹೊರಡುತ್ತಿರಲಿಲ್ಲ. ಒಂದು ಸಲ ಹದಿನೇಳರ ಮಗ್ಗಿಯಲ್ಲಿ ನಿನ್ನ ರವಿಕೆಯೊಂದು ಸುಟ್ಟುಹೋಯಿತು. ನಾನು ತಪ್ಪುತ್ತಲೇ ಇದ್ದೆ, ನೀನು ಕಾಯುತ್ತಲೇ ಇದ್ದೆ.

ಕಾಯುವುದು ನಿನಗೆ ಬರುವುದಿಲ್ಲವೆಂದು ಬರೆದಿದ್ದೆಯಲ್ಲ, ಅದಕ್ಕೆ ಇದು ನೆನಪಾಯಿತು.

ಆ ಮೇಜನ್ನು ಹಳೆ ಸಾಮಾನಿನವನಿಗೆ ಕೊಡಲು ಹೊರಟಿದ್ದೆ. ಅಪ್ಪ ಬಿಡಲಿಲ್ಲ, ಈಗ ಅದರ ಮೇಲೆ ತರಕಾರಿ ಹೆಚ್ಚುತ್ತಾರೆ. ಎತ್ತರ ಸರಿಯಾಗಿದೆಯಂತೆ. ಅವರ ಅಡುಗೆ ಈಗ ತಿನ್ನಬಹುದು. ನಿನ್ನೆ ತಾವೇ ಬಡಿಸಿ, ಎದುರಿಗೆ ಕೂತು, ನಾನು ನುಂಗುವ ತನಕ ನನ್ನ ಮುಖ ನೋಡುತ್ತಿದ್ದರು. ಕರಡು ಪ್ರತಿ ನೋಡುವಾಗಿನ ಅದೇ ಮುಖ.

ಏಪ್ರಿಲ್‌ನಲ್ಲಿ ಎರಡು ದಿನ ರಜೆ ಸಿಗುತ್ತದೆ. ಬಂದು ನೋಡಲಾ? ಷರತ್ತು ಷರತ್ತೇ. ಸುಮ್ಮನೆ ನೋಡಲು.

ನಿನ್ನ ಮಗಳು

ಏಪ್ರಿಲ್ 23

ಅಮ್ಮ,

ಬೆಳಿಗ್ಗೆ ಬಂದು ಸೇರಿದೆ. ಸ್ನಾನ ಮಾಡಿ ನೇರ ಆಫೀಸಿಗೆ ಹೋದೆ. ಈಗ ಊಟದ ವಿರಾಮ, ಇಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನನ್ನು ಮೊದಲು ಬೆನ್ನಿನ ಕಡೆಯಿಂದ ನೋಡಿದೆ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ, ನೀನು ಪೀಪಾಯಿಯ ಸುತ್ತ ಸರಿಯುತ್ತಿದ್ದೆ. ಅಷ್ಟು ನಿಧಾನವಾಗಿ ನಡೆಯುವವಳು ನನ್ನ ಅಮ್ಮ ಇರಲಾರಳು ಎಂದುಕೊಂಡು ಬೇರೆಯವರನ್ನು ಹುಡುಕಿದೆ. ಮನೆಯಲ್ಲಿ ನೀನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೂ ಬಸ್ಸು ತಪ್ಪುತ್ತದೆ ಎಂಬಂತೆ ಹೋಗುತ್ತಿದ್ದೆ.

ಶನಿವಾರ ಗಾಜು ಆರಲೆಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವಲ್ಲ, ಇಡೀ ಮಧ್ಯಾಹ್ನ. ನನಗೆ ನೆನಪಿರುವ ಹಾಗೆ ನಾವಿಬ್ಬರೂ ಏನೂ ಮಾಡದೆ ಒಂದೇ ಕಡೆ ಅಷ್ಟು ಹೊತ್ತು ಕೂತದ್ದು ಇದೇ ಮೊದಲು. ನೀನು ನಿನ್ನ ತಾಯಿಯ ಬಗ್ಗೆ ಹೇಳಿದೆ. ಅಜ್ಜಿ ಅರವತ್ತು ದಾಟಿದ ಮೇಲೆ ಸೈಕಲ್ ಕಲಿಯಲು ಹೋಗಿ ಬೇಲಿಯೊಳಗೆ ಬಿದ್ದದ್ದು, ಎದ್ದು "ಬೇಲಿ ತನಕ ಬಂತಲ್ಲ" ಎಂದದ್ದು. ಇಷ್ಟು ವರ್ಷ ಯಾಕೆ ಹೇಳಿರಲಿಲ್ಲ?

ಭಾನುವಾರ ನನ್ನ ರೈಲಿನ ಹೊತ್ತಾಗುತ್ತಿತ್ತು. ನೀನು ಆಗಷ್ಟೇ ಹೊಳಪಿನ ಕೆಲಸ ಮುಗಿಸಿ ಗಾಜು ತೊಳೆಯುತ್ತಿದ್ದೆ. ಆ ನೆರಳಿನ ಆಟ ನೋಡದೆಯೇ ಹೋಗಬೇಕಾ ಎಂದು ನಾನು ಕೇಳಿದೆ. ನೀನು ಗಾಜನ್ನು ನೋಡಿದೆ, ಗೋಡೆ ಗಡಿಯಾರ ನೋಡಿದೆ, ನನ್ನನ್ನು ನೋಡಿದೆ. "ಬಾ" ಎಂದೆ. ಅಮ್ಮ, ಅದು ಎಷ್ಟು ಚೆಂದ. ಬ್ಲೇಡು ಸರಿದ ಹಾಗೆ ಬೂದು ನೆರಳು ಹರಡಿತು, ನಡುವೆ ಮಗುಚಿಟ್ಟ ಬಟ್ಟಲಿನಂಥ ದಿಬ್ಬ. ಉಬ್ಬಿದೆ ಎಂದೆ. "ಸ್ವಲ್ಪ. ನಾಳೆ ಇಳಿಸ್ತೀನಿ" ಎಂದೆ ನೀನು. ಬಸ್ಸಿನಲ್ಲಿ ಕೂತ ಮೇಲೂ ನನ್ನ ಕಣ್ಣೊಳಗೆ ಆ ದಿಬ್ಬವೇ ಇತ್ತು. ಟಿಕೆಟ್ಟಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಗೀಚಿ ನೋಡಿದೆ.

ಬುಧವಾರ ಪರೀಕ್ಷೆ. ಪಾಸಾಗು ಎಂದು ಹಾರೈಸಬೇಕೋ ಬೇಡವೋ ತಿಳಿಯದೆ ಏನೂ ಹಾರೈಸದೆ ಬಂದೆ. ಈಗ ಅನ್ನಿಸುತ್ತಿದೆ, ಹಾರೈಸಬೇಕಿತ್ತು.

ನಿನ್ನ ಮಗಳು

ಏಪ್ರಿಲ್ 26

ಪುಟ್ಟೀ,

ಕನ್ನಡಿ ಪಾಸಾಗಲಿಲ್ಲ. ನಡುವೆ ಹಳ್ಳವಿದೆ. ಪರೀಕ್ಷಕರು ಸಭ್ಯರು, ಎರಡು ಸಲ ನೋಡಿದರು. ಉಳಿದ ಭಾಗ ಬಹಳ ಚೆನ್ನಾಗಿದೆ ಎಂದರು. ಸರಿಪಡಿಸಲು ಎರಡು ವಾರ ಬೇಕು, ಅವರು ಇವತ್ತೇ ಹೊರಟರು.

ಆರುವ ಮೊದಲೇ ನೋಡಿದಿರಾ ಎಂದು ಚಿಕ್ಕ ಮೇಡಂ ಕೇಳಿದಳು. ಹೌದು ಎಂದೆ. ಚೀಟಿ ಕಾಣಲಿಲ್ಲವಾ ಎಂದಳು. ಕಂಡಿತು ಎಂದೆ. "ಮತ್ತೆ ಯಾಕೆ?" ಎಂದಳು. ಆತುರವಾಯಿತು ಎಂದೆ. ಹಲ್ಲಿನ ಡಾಕ್ಟರು ಪಾಸಾದರು. ನನಗಿಂತ ಹೆಚ್ಚು ಅವರೇ ಬೇಸರದಲ್ಲಿದ್ದಾರೆ.

ಒಪ್ಪಂದದ ಪ್ರಕಾರ ನಾನು ಬರುತ್ತೇನೆ. ಮುಂದಿನ ತಿಂಗಳ ಹತ್ತಕ್ಕೆ ಹೊರಡುತ್ತೇನೆ. ಮುಖ್ಯಸ್ಥರಿಗೆ ನನ್ನ ಒಪ್ಪಿಗೆ ತಿಳಿಸು. ನನ್ನ ಕಪ್ಪು ಚಪ್ಪಲಿಗೆ ಅಟ್ಟೆ ಹಾಕಿಸಿಡು, ಆಫೀಸಿಗೆ ಬೇಕು.

ನೀನು ಬಂದದ್ದು ಒಳ್ಳೆಯದಾಯಿತು. ಬೆಂಚಿನ ಮೇಲೆ ಈಗಲೂ ಸಂಜೆ ಕೂರುತ್ತೇನೆ.

ಅಮ್ಮ

ಮೇ 2

ಅಮ್ಮ,

ಚಪ್ಪಲಿಗೆ ಅಟ್ಟೆ ಹಾಕಿಸಿಲ್ಲ. ಮುಖ್ಯಸ್ಥರಿಗೆ ಏನೂ ಹೇಳಿಲ್ಲ.

ನಿನ್ನ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸೌಟು ಕೆಳಗಿಟ್ಟು, "ಆತುರ ಯಾರದು?" ಎಂದು ಕೇಳಿದರು. ಅಮ್ಮನದಂತೆ ಎಂದೆ. "ಅಲ್ಲಿ ಗಾಡಿ ಹಿಡಿಯೋ ಅವಸರ ಅವಳಿಗೆ ಇತ್ತಾ?" ಎಂದು ಹೇಳಿ ಮತ್ತೆ ಸೌಟು ತೆಗೆದುಕೊಂಡರು. ಅಷ್ಟೇ.

ನಾನು ಒಳಗೆ ಹೋಗಿ ನಿನ್ನ ನವೆಂಬರ್ ಪತ್ರ ತೆಗೆದೆ. ಬಿಸಿ ಗಾಜು ನಡುವೆ ಊದಿಕೊಂಡಿರುತ್ತದೆ. ಇಲ್ಲದ ಬೆಟ್ಟ ಕಾಣುತ್ತದೆ. ನನಗೆ ಅಷ್ಟು ಚೆಂದ ಕಂಡ ಆ ದಿಬ್ಬ ಇರಲೇ ಇಲ್ಲ. ನನ್ನ ರೈಲು ತಪ್ಪಬಾರದೆಂದು ನೀನು ಅದನ್ನು ನನಗೆ ತೋರಿಸಿದೆ. ಮರುದಿನ ಅದನ್ನೇ ನಂಬಿ ಇಳಿಸಿದೆ. ಮತ್ತೊಮ್ಮೆ ಆರಿಸಿ ನೋಡಿದ್ದರೆ ತಿಳಿಯುತ್ತಿತ್ತು, ಯಾಕೆ ನೋಡಲಿಲ್ಲ ಎಂದು ಕೇಳುವುದಿಲ್ಲ. ನಾನು ಹೋದ ಮೇಲೆ ನಿನ್ನ ಮನಸ್ಸು ಎಲ್ಲಿತ್ತೆಂದು ನನಗೆ ಗೊತ್ತು, ನನ್ನದೂ ಅಲ್ಲೇ ಇತ್ತು.

ಈಗ ಜಲಮಂಡಳಿಯ ಎಂಜಿನಿಯರಾಗಿ ಬರೆಯುತ್ತಿದ್ದೇನೆ. ಒತ್ತಡ ಅಳೆಯುವಾಗ ಯಾರಾದರೂ ಕವಾಟಕ್ಕೆ ಕೈ ಹಾಕಿದರೆ ಆ ಅಳತೆ ಲೆಕ್ಕಕ್ಕಿಲ್ಲ. ಇದನ್ನು ನನಗೆ ಕಲಿಸಿದವಳು ನೀನು. ಇಲ್ಲಿ ಕೈ ಹಾಕಿದವಳು ಷರತ್ತು ಹಾಕಿದವಳೇ. ಆದ್ದರಿಂದ ಒಪ್ಪಂದ ರದ್ದು.

ಇನ್ನು ಮಗಳಾಗಿ. ನಮ್ಮ ಮನೆಯಲ್ಲಿ ನಪಾಸಾದವರು ಮರುವರ್ಷ ಅದೇ ಕ್ಲಾಸಿನಲ್ಲಿ ಕೂರಬೇಕು. ಮನೆಗೆ ಬಂದು ಮುಖ್ಯಸ್ಥರಾಗುವಂತಿಲ್ಲ.

ನೀನು ನಾಳೆಯೇ ಉತ್ತರ ಬರೆಯುತ್ತೀಯ, ನನಗೆ ಗೊತ್ತು, ಬಂದ ಕಡತ ಬಂದ ದಿನವೇ. ಬರೆಯಬೇಡ. ಆರಲಿ.

ನಿನ್ನ ಮಗಳು

ಈ ಪತ್ರದಲ್ಲಿ ತಿದ್ದುವುದು ಏನೂ ಇಲ್ಲ. ಎರಡು ಸಲ ನೋಡಿದೆ. ಕುರ್ಚಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಲೂ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ನೀನು ಬಂದರೆ ಅಡುಗೆಮನೆ ಬಿಟ್ಟುಕೊಡಬೇಕಾಗುತ್ತದೆ. ನಾನು ಈಗಷ್ಟೇ ಬ್ರೆಡ್ಡಿಗೆ ಬಂದಿದ್ದೇನೆ. ನಾದಿದ ಹಿಟ್ಟು ಉಬ್ಬುವ ತನಕ ಮುಟ್ಟಬಾರದಂತೆ.

ಜೂನ್ 16

ಪುಟ್ಟೀ,

ಆರಿದ ಮೇಲೆ ಬರೆಯುತ್ತಿದ್ದೇನೆ.

ಮುಖ್ಯಸ್ಥರಿಗೆ ರಾಜೀನಾಮೆ ಕಳಿಸಿದ್ದು ನಿನಗೆ ಗೊತ್ತಿದೆ. ಅವರು ಎರಡು ಸಾಲು ಬರೆದಿದ್ದರು: ಬೇಸರವಾಗಿದೆ, ಒಂದು ದಿನ ತಮಗೂ ಚಂದ್ರನನ್ನು ತೋರಿಸಬೇಕು. ಆ ಕೋಣೆಯಲ್ಲಿ ನಾನು ಕೂರಲಿಲ್ಲವೆಂಬ ಕೊರಗು ಇಲ್ಲವೆಂದರೆ ಸುಳ್ಳಾಗುತ್ತದೆ. ಇದೆ. ಬೆಳಿಗ್ಗೆ ಎದ್ದ ಕೂಡಲೇ ಇರುತ್ತದೆ, ಪೀಪಾಯಿಯ ಹತ್ತಿರ ಹೋಗುವ ಹೊತ್ತಿಗೆ ಇರುವುದಿಲ್ಲ.

ಹೊಸ ತಂಡ ಬಂದಿದೆ. ಮೊದಲ ದಿನ ಚಿಕ್ಕ ಮೇಡಂ ಎಲ್ಲರಿಗೂ ಒರಟು ಪುಡಿ ಕೊಟ್ಟು, ನನ್ನ ಮುಂದೆ ನಿಂತು, ಮೊದಲು ಏನು ಎಂದು ಕೇಳಿದಳು. ಕೈ ತೊಳೆಯುವುದು ಎಂದೆ. ಪಕ್ಕದ ಪೀಪಾಯಿಯ ಹುಡುಗಿ ನನ್ನನ್ನು ಮೇಡಂ ಎಂದು ಕರೆದಳು. ನಾನೂ ನಿನ್ನ ಕ್ಲಾಸೇ ಎಂದೆ. ಒಂದು ಕ್ಷಣ ಯೋಚಿಸಿ, ಹಾಗಾದರೆ ಏನೆಂದು ಕರೆಯಬೇಕು ಎಂದು ಕೇಳಿದಳು. ಇನ್ನೂ ತೀರ್ಮಾನವಾಗಿಲ್ಲ.

ಒರಟು ಪುಡಿಯ ಸದ್ದು ನಾನು ಮರೆತೇ ಹೋಗಿದ್ದೆ. ಹಲ್ಲು ಕಡಿದಂತೆ ಶುರುವಾಗಿ, ಪುಡಿ ಸವೆದ ಹಾಗೆ ಪಿಸುಮಾತಾಗುತ್ತದೆ. ಕಳೆದ ವರ್ಷ ಅದು ಯಾವಾಗ ಮುಗಿಯುತ್ತದೋ ಎಂದುಕೊಂಡಿದ್ದೆ. ಈ ಸಲ ಕಿವಿಗೊಟ್ಟೆ.

ಮರದ ಪೆಟ್ಟಿಗೆಯೊಂದು ರೈಲಿನಲ್ಲಿ ಬರುತ್ತದೆ. ನಪಾಸಾದ ಕನ್ನಡಿಗೆ ಬೆಳ್ಳಿಯ ಲೇಪ ಹಾಕಿಸಿ, ಇಲ್ಲಿನ ಬಡಗಿಯಿಂದ ಕೊಳವೆ ಮಾಡಿಸಿದ್ದೇನೆ. ಕೊಳವೆಯ ಬಾಯಿಯ ಹತ್ತಿರ ಇನ್ನೊಂದು ಪುಟ್ಟ ಕನ್ನಡಿ ಇರುತ್ತದೆ, ಬೆಳಕನ್ನು ಕಣ್ಣಿನ ಕಡೆ ತಿರುಗಿಸಲು. ಅದರ ನೆರಳು ದೊಡ್ಡ ಕನ್ನಡಿಯ ನಟ್ಟನಡುವೆ ಬೀಳುತ್ತದೆ. "ನಿಮ್ಮ ಹಳ್ಳ ಇರೋದೂ ಅಲ್ಲೇ. ಮುಕ್ಕಾಲು ಮುಚ್ಚಿಹೋಗುತ್ತೆ, ಮನೆಗೆ ಕಳಿಸಿ" ಎಂದಳು ಚಿಕ್ಕ ಮೇಡಂ.

ನೋಡುವ ಮೊದಲು ಅದನ್ನು ಸ್ವಲ್ಪ ಹೊತ್ತು ಮಾಳಿಗೆಯ ಮೇಲೆ ಇಟ್ಟಿರು. ಯಾಕೆಂದು ಹೇಳಬೇಕಾಗಿಲ್ಲ.

ಅಮ್ಮ

ಜುಲೈ 8

ಅಮ್ಮ,

ಪೆಟ್ಟಿಗೆ ಬಂತು. ನಮ್ಮ ಆಫೀಸಿನ ಜವಾನ ಮತ್ತು ನಾನು ಮಾಳಿಗೆಗೆ ಹೊತ್ತು ಹಾಕಿದೆವು. ಒಳಗೆ ಏನಿದೆ ಎಂದು ಕೇಳಿದ. ಅಮ್ಮ ಉಜ್ಜಿದ ಗಾಜು ಎಂದೆ. ಅವನೂ ಸಂಜೆಯವರೆಗೆ ಹೋಗಲಿಲ್ಲ.

ಆರಲು ಬಿಟ್ಟೆವು. ಅಪ್ಪ ಬ್ರೆಡ್ಡು ತಂದರು, ಮಾಳಿಗೆಯ ಕಟ್ಟೆಯ ಮೇಲೆ ಕೂತು ತಿಂದೆವು. ಬ್ರೆಡ್ಡಿನ ತಳ ಸೀದಿತ್ತು, ಉಳಿದ ಭಾಗ ಬಹಳ ಚೆನ್ನಾಗಿತ್ತು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಚಂದ್ರ ಎದುರು ಮನೆಯ ನೀರಿನ ತೊಟ್ಟಿಯ ಮೇಲೆ ಬಂದಿದ್ದ. ಅಪ್ಪ ಮೊದಲು ನೋಡಿದರು. ನೋಡುತ್ತಲೇ ಇದ್ದರು. ಮನೆಗೇ ತಗೊಂಡು ಹೋಗ್ತೀರಾ ಎಂದು ಕೇಳಿದೆ. ಮನೆಯಲ್ಲೇ ಇದ್ದೇನಲ್ಲ ಎಂದರು, ಕಣ್ಣು ತೆಗೆಯದೆ. ಅವರ ಹೆಗಲ ಮೇಲಿನ ಟವೆಲು ಜಾರಿ ಬಿತ್ತು. ಎತ್ತಿ ಹಿಡಿದುಕೊಂಡು ನಿಂತೆ.

ಆಮೇಲೆ ನನ್ನ ಸರದಿ.

ಶನಿವಾರಗಳಂದು ಇಲ್ಲಿ ಒಬ್ಬರ ಹತ್ತಿರ ಹೋಗುತ್ತಿದ್ದೇನೆ. ಹೇಳಬಾರದೆಂದಿದ್ದೆ, ಆದರೆ ಇದರ ಜೊತೆ ಇಟ್ಟ ಕಾಗದ ನೋಡಿದರೆ ಹೇಗೂ ತಿಳಿಯುತ್ತದೆ. ಅಲ್ಲಿ ನನ್ನ ಪಕ್ಕ ಕೂರುವವನಿಗೆ ಹನ್ನೊಂದು ವರ್ಷ. ಅವನು ಬಿಡಿಸಿದ ಕುದುರೆ ನನ್ನ ಕುದುರೆಗಿಂತ ಚೆನ್ನಾಗಿದೆ. ಏಣಿ ಬಿಟ್ಟಿಲ್ಲ, ಹೆದರಬೇಡ. ಒಂದು ಕೈಯಲ್ಲಿ ಹಿಡಿದುಕೊಂಡೇ ಇದ್ದೇನೆ.

ಇದು ಅಂಟಿಸಿದ ಚಿತ್ರ ಅಲ್ಲ, ಅಮ್ಮ. ನಾನೇ ನೋಡಿ ಬಿಡಿಸಿದ್ದು.

ಪುಟ್ಟಿ

ಚಂದ್ರನ ಎಡ ಅಂಚು ಸೊಟ್ಟಗಿದೆ. ಪೆನ್ಸಿಲು ಕೈಗೆತ್ತಿಕೊಂಡಿದ್ದೆ. ತಿದ್ದಲಿಲ್ಲ.